ಕಪಾಟಿನಲ್ಲಿ ಬಿಟ್ಟುಹೋದ ಕಾಗದಗಳು

ಕುಂಬ್ರದಲ್ಲಿ ನನ್ನದೊಂದು ಅಡಿಕೆ ಖರೀದಿಯ ಅಂಗಡಿ. ಅಡಿಕೆ ತರುವವರು ಮೊದಲ ಅಂಗಡಿಯವನು ಹೇಳಿದ ದರವನ್ನು ಎರಡನೆಯ ಅಂಗಡಿಯಲ್ಲಿ ಬಾಯಿಬಿಡುವುದಿಲ್ಲ. ಹೇಳಿದರೆ ಎರಡನೆಯವನು ಅದರ ಆಚೀಚೆಯೇ ಸುತ್ತುತ್ತಾನೆ, ಮಾಲನ್ನು ಸರಿಯಾಗಿ ನೋಡುವುದಿಲ್ಲ. ಮೂವತ್ತು ವರ್ಷ ಈ ಜಾಣತನ ನೋಡಿ ನೋಡಿ ನನಗೂ ಅದು ಮೈಗೆ ಹತ್ತಿತ್ತು. ಡಾಕ್ಟರರ ಮುಂದೆ ನಾನು ದಡ್ಡನಾದದ್ದೂ ಅದರಿಂದಲೇ.

ನನಗೆ ಪ್ರೊಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ಎರಡು ವರ್ಷ ಕಳೆದಿತ್ತು. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ರಕ್ತ ಪರೀಕ್ಷೆಯ ಪಿಎಸ್‌ಎ ಎಂಬ ಅಂಕಿ ಇಳಿದು ತಳ ಕಂಡಿತ್ತು. ನಾನೂ ಆರಾಮಾಗಿ ಅಂಗಡಿಯಲ್ಲಿ ಕೂತಿದ್ದೆ. ಈಚೆಗೆ ಅದು ಮತ್ತೆ ಏರತೊಡಗಿತು. ಇನ್ನು ಇಂಜೆಕ್ಷನ್ ಒಂದಕ್ಕೇ ಇದು ಬಗ್ಗುವುದಿಲ್ಲ, ಕೀಮೋ ಕೊಡಬೇಕಾದೀತು ಎಂದು ಮೊದಲಿನಿಂದ ನನ್ನನ್ನು ನೋಡುತ್ತಿದ್ದ ಮಂಗಳೂರಿನ ಡಾಕ್ಟರರು ಹೇಳಿದರು. ಮನೆಗೆ ಬಂದು ಅವರಿಗೇನು ಗೊತ್ತು ಎಂದು ಹಾರಾಡಿದೆ. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

ಪುತ್ತೂರಿಗೆ ಶನಿವಾರ ಮಾತ್ರ ಬರುವ ಕ್ಯಾನ್ಸರ್ ತಜ್ಞರೊಬ್ಬರಿದ್ದಾರೆ. ಅವರಲ್ಲಿಗೆ ಹೊರಡುವ ಮೊದಲು ಫೈಲಿನಿಂದ ಮಂಗಳೂರಿನವರ ಚೀಟಿ, ಇಂಜೆಕ್ಷನ್ನಿನ ಕಾಗದ ಎಲ್ಲ ತೆಗೆದು ಕಪಾಟಿನಲ್ಲಿಟ್ಟೆ. ಎರಡು ವರ್ಷ ಹಿಂದಿನ ಬಯಾಪ್ಸಿ ವರದಿ, ಹೊಸ ಸ್ಕ್ಯಾನ್, ಹೊಸ ರಕ್ತ ಪರೀಕ್ಷೆ ಇಷ್ಟೇ ಉಳಿಸಿಕೊಂಡೆ. ಇವರು ತಮ್ಮ ಕಣ್ಣಿನಿಂದಲೇ ನೋಡಿ ಹೇಳಲಿ ಎಂದು ನನ್ನ ಲೆಕ್ಕಾಚಾರ. ಹೆಂಡತಿಗೂ ಹೇಳಲಿಲ್ಲ.

ಅಲ್ಲಿ ವಿಪರೀತ ಜನ. ಹೆಂಡತಿ ಹೊರಗಿನ ಬೆಂಚಿನಲ್ಲಿ ಕುಳಿತಳು, ನಾನೊಬ್ಬನೇ ಒಳಗೆ ಹೋದೆ. ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರರು ಕೇಳಿದ್ದಕ್ಕೆ ನಾಟಿಮದ್ದು ಎಂದು ಸುಳ್ಳು ಹೇಳಿದೆ. ಅವರು ಬೇಸರದಿಂದ ತಲೆಯಾಡಿಸಿ, ಚೀಟಿ ಬರೆದರು.

"ಇಂಜೆಕ್ಷನ್ ಶುರು ಮಾಡುವ. ಹೆಚ್ಚಿನವರಿಗೆ ಇದು ಒಳ್ಳೆ ಹಿಡೀತದೆ. ಅಷ್ಟೆಲ್ಲ ಹೆದರುದು ಬೇಡ."

ಕೀಮೋದ ಸುದ್ದಿಯೇ ಇಲ್ಲ! ಕಾರು ಓಡಿಸುತ್ತ ಮಂಗಳೂರಿನವರನ್ನು ಬಾಯಿಗೆ ಬಂದ ಹಾಗೆ ಬೈದೆ. ಕುಂಬ್ರ ಹತ್ತಿರ ಬರುವಾಗ ಹೆಂಡತಿ ಚೀಟಿ ಬಿಡಿಸಿ ನೋಡಿದಳು. ಎರಡು ವರ್ಷ ಆ ಇಂಜೆಕ್ಷನನ್ನು ಮೆಡಿಕಲ್‌ನಿಂದ ತಂದು ಜೋಪಾನ ಮಾಡಿದವಳು ಅವಳು. ನಮ್ಮ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು:

"ಇದು ಅದೇ ಇಂಜೆಕ್ಷನ್ ಅಲ್ವಾ? ನೀವು ತೆಗೊಂಡದ್ದು ಅವರಿಗೆ ಹೇಳಿದ್ದೀರಾ?"

ಕಾರು ಬದಿಗೆ ನಿಲ್ಲಿಸಿದೆ. ಕಾಗದಗಳೆಲ್ಲ ಮನೆಯ ಕಪಾಟಿನಲ್ಲಿವೆ ಎಂದೆ. ಒಳ್ಳೆಯ ಮಾತು ಸಿಕ್ಕಿದ್ದು ಕಾಯಿಲೆ ಚಿಕ್ಕದಾದ್ದರಿಂದ ಅಲ್ಲ, ನಾನು ಕಾಗದ ಅಡಗಿಸಿಟ್ಟದ್ದರಿಂದ.

ಮುಂದಿನ ಶನಿವಾರದವರೆಗೆ ಕಾಯಬೇಕಿತ್ತು. ಆ ವಾರವಿಡೀ ಹೆದರಿಕೆ ಬಿಡಲಿಲ್ಲ. ನಮಾಝಿಗೆ ನಿಂತರೆ ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಎಂಬುದೇ ಮರೆಯುತ್ತಿತ್ತು. ಸೊಂಟದಲ್ಲಿ ಚೂರು ನೋವಾದರೂ ಮೂಳೆಗೆ ಹೋಯಿತೋ ಎಂದು ಒತ್ತಿ ಒತ್ತಿ ನೋಡುತ್ತಿದ್ದೆ.

ಶನಿವಾರ ಇಬ್ಬರೂ ಒಳಗೆ ಹೋದೆವು. ಕಾಗದಗಳನ್ನು ಹೆಂಡತಿಯೇ ಮೇಜಿನ ಮೇಲೆ ಹರಡಿದಳು. ಡಾಕ್ಟರರು ಒಂದೊಂದನ್ನೂ ಓದಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯಲಿಲ್ಲ.

"ಹೋದ ವಾರ ನಾನು ಹೇಳಿದ್ದು ಈ ಕಾಗದ ಇಲ್ಲದವರಿಗೆ ಮಾರಾಯ್ರೆ. ನಿಮಗಲ್ಲ."

ಕೀಮೋ ಆಗಬಹುದು, ಬೇರೊಂದು ಬಗೆಯ ಮಾತ್ರೆಯೂ ಆಗಬಹುದು, ಅದಕ್ಕೆ ಮೊದಲು ಹೃದಯದ ಪರೀಕ್ಷೆ ಆಗಬೇಕು, ಮಂಗಳೂರಿನವರ ಹತ್ತಿರ ತಾನೇ ಮಾತಾಡುತ್ತೇನೆ ಎಂದರು. ಇದರಿಂದ ಕಡಿಮೆಯಾದೀತಾ ಎಂದು ಕೇಳಿದೆ. ನೋಡುವ ಎಂದರು, ಅಷ್ಟೇ. ಹೆದರುವುದು ಬೇಡ ಎಂಬ ಮಾತನ್ನು ಈ ಸಲವೂ ಹೇಳಿಯಾರು ಎಂದು ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಅವರು ಮುಂದಿನವರನ್ನು ಕರೆದರು. ಹೆಂಡತಿ ಫೈಲು ಎತ್ತಿಕೊಂಡು ನನ್ನ ತೋಳು ಹಿಡಿದ ಮೇಲೆಯೇ ನಾನು ಎದ್ದದ್ದು.