ಅಲುಗದ ಪೆಟ್ಟಿಗೆ

ಗಂಟೆ ಮಾವನವರನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಕಾರಿಡಾರಿನಲ್ಲಿ, ಏಣಿಯ ತುದಿಯಲ್ಲಿ. ಕರೆಂಟಿನ ಗಂಟೆ ಬಾಯಿ ಮುಚ್ಚಿಕೊಂಡಿತ್ತು. ಬಸ್ ಡಿಪೋದ ಎಲೆಕ್ಟ್ರಿಷಿಯನ್ ಒಬ್ಬರು ತಮ್ಮ ರಜಾ ದಿನಗಳಲ್ಲಿ ಇಂಥ ಕೆಲಸ ಮಾಡಿಕೊಡುತ್ತಾರೆಂದು ಕೇಳಿ ಅವರನ್ನು ಕರೆಸಿದ್ದೆವು. ಸಡಿಲವಾಗಿದ್ದದ್ದು ಒಂದೇ ಒಂದು ವೈರು. ಅವರು ಅದನ್ನು ಬಿಗಿದು ಹೋಗಲಿಲ್ಲ. ಕಾರಿಡಾರಿನ ವೈರನ್ನೆಲ್ಲ ಕಿತ್ತು ನೆಲಕ್ಕೆ ಹಾಕಿದರು.

"ಹಾಗೇ ಬಿಟ್ರೆ ಇವತ್ತು ನಡೆಯುತ್ತೆ, ನಾಳೆ ಕೈಕೊಡುತ್ತೆ ಮೇಷ್ಟ್ರೇ. ಕೈ ಹಾಕಿದ್ಮೇಲೆ ಪೂರ್ತಿ ಮಾಡ್ಬೇಕು," ಎಂದರು.

"ನಾವು ಇವರನ್ನ ಕರೆದದ್ದು ಗಂಟೆ ರಿಪೇರಿಗೋ, ಹೊಸ ಶಾಲೆ ಕಟ್ಟೋಕೋ?" ಎಂದು ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡರು. ಅವರ ಕೆಲಸ ಮುಗಿಯುವವರೆಗೆ ಪಾಠದ ಅವಧಿಗಳು ನಮ್ಮ ಕೂಗಿನ ಮೇಲೆ ನಡೆದವು. ಮಕ್ಕಳು ಅವರಿಗೆ ಗಂಟೆ ಮಾವ ಎಂದು ಹೆಸರಿಟ್ಟರು. ಆ ಗಂಟೆ ನಾನು ನಿವೃತ್ತನಾಗುವವರೆಗೂ ಕೈಕೊಡಲಿಲ್ಲ.

ಆಮೇಲೆ ನಾನು ಅವರ ಬೀದಿಗೇ ಮನೆ ಬದಲಿಸಿದೆ. ಆ ಹೊತ್ತಿಗೆ ಅವರೂ ಡಿಪೋ ಬಿಟ್ಟಿದ್ದರು. ಅವರ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಮಲಗುವಾಗ ಉಸಿರಾಟದ ಯಂತ್ರ ಬೇಕೇ ಬೇಕು. ಆಕೆಯ ಅಕ್ಕನ ಮನೆ ಇರುವುದು ದೂರದ ಸಮುದ್ರದ ದಂಡೆಯಲ್ಲಿ. ಆಕೆಗೆ ಇದ್ದದ್ದು ಒಂದೇ ಆಸೆ: ಒಮ್ಮೆ ಅಲ್ಲಿಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತು ಬರಬೇಕು. ದಾರಿಯಲ್ಲಿ ಒಂದು ರಾತ್ರಿ ತಂಗದೆ ವಿಧಿಯಿಲ್ಲ, ಕರೆಂಟಿನ ಭರವಸೆಯಿಲ್ಲ. ಅದಕ್ಕೆಂದೇ ಗಂಟೆ ಮಾವ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಹಳೆಯ ಕ್ಯಾಂಪರ್ ಟ್ರೈಲರ್ ಒಂದನ್ನು ಕೊಂಡು, ಒಳಗೆ ಹಾಸಿಗೆ, ದೀಪ, ಹೊರಗೆ ಮುಂಭಾಗದಲ್ಲಿ ಯಂತ್ರಕ್ಕೊಂದು ದೊಡ್ಡ ಬ್ಯಾಟರಿ ಎಲ್ಲ ಹೊಂದಿಸಿದರು. ಆಕೆ ಅದನ್ನು ಗಾಡಿಮನೆ ಎಂದು ಕರೆದರು.

ನಾಳೆ ಹೊರಡಬೇಕು ಎನ್ನುವ ದಿನ ಬೆಳಿಗ್ಗೆ ನೋಡಿದರೆ, ಗಾಡಿಮನೆಯ ಮೂತಿಯಲ್ಲಿದ್ದ ಬ್ಯಾಟರಿ ಇಲ್ಲ. ಕತ್ತರಿಸಿದ ವೈರುಗಳು ನೇತಾಡುತ್ತಿದ್ದವು. ನಾನು ಹೋದಾಗ ಗಂಟೆ ಮಾವ ಆ ತುಂಡುಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು.

"ಅವನ ಮನೇಲೂ ಕತ್ತಲಿತ್ತೇನೋ, ತಗೊಂಡು ಹೋದ," ಎಂದು ಆಕೆ ನಕ್ಕರು. "ಬೇರೆ ಒಂದು ತಂದು ಇಟ್ಟು ನಡೀರಿ. ಅಕ್ಕ ಕಾಯ್ತಿರ್ತಾಳೆ."

"ಮತ್ತೆ ಕದ್ರೆ? ದಾರಿ ಮಧ್ಯೆ ನಿನ್ನ ಯಂತ್ರ ನಿಂತ್ರೆ ಏನು ಮಾಡ್ಲಿ?"

"ಕದಿಯೋಕೆ ಬಂದವನನ್ನ ಹೆದರಿಸೋಕೆ ನಿಮ್ಮ ಗೊರಕೆ ಇದೆಯಲ್ಲ ರೀ!"

ಹೊಸ ಬ್ಯಾಟರಿ ಅಂದೇ ಬಂತು. ಕತ್ತರಿಸಿದ ವೈರಿಗೆ ಒಂದು ತುಂಡು ಜೋಡಿಸಿದ್ದರೆ ಮರುದಿನ ಹೊರಡಬಹುದಿತ್ತು. ಆದರೆ ಜೋಡಿಸಿದ ವೈರನ್ನು ಅವರು ಜನ್ಮದಲ್ಲಿ ನಂಬಿದವರಲ್ಲ. ಹಳೆಯದನ್ನೆಲ್ಲ ಕಿತ್ತು ದಪ್ಪ ವೈರು ತಂದು ಗಾಡಿಯ ಅಡಿಯಲ್ಲಿ ಕೊಳವೆಯೊಳಗೆ ಎಳೆದರು. ಹೊಸ ಬ್ಯಾಟರಿಯನ್ನು ಹೊರಗಿಡದೆ ಹಾಸಿಗೆಯ ಕೆಳಗೆ ಇಡಲು ನಿಶ್ಚಯಿಸಿದರು. ಅದಕ್ಕೊಂದು ಉಕ್ಕಿನ ಪೆಟ್ಟಿಗೆ ಮಾಡಿಸಿದರು. ಬ್ಯಾಟರಿಯ ಗಾಳಿ ಹೊರಹೋಗಲು ಕೊಳವೆ ಇಟ್ಟರು. ಪೆಟ್ಟಿಗೆ ಬೆರಳಗಲ ದೊಡ್ಡದಾಯಿತೆಂದು ಮತ್ತೊಂದು ಮಾಡಿಸಿದರು. ಬ್ಯಾಟರಿಯ ಬಾಯಲ್ಲೇ ಫ್ಯೂಸ್, ಯಾರಿಗೂ ಕಾಣದ ಕಡೆ ಸ್ವಿಚ್. ದೀಪ ಚೂರು ಮಂಕಾಯಿತು ಎನ್ನಿಸಿ ಎಲ್ಲವನ್ನೂ ಮತ್ತೆ ಬಿಚ್ಚಿದರು.

ಆಕೆ ಗಾಡಿಮನೆಯ ಮೆಟ್ಟಿಲ ಮೇಲೆ ಕೂತು ಟಾರ್ಚ್ ಹಿಡಿಯುತ್ತಿದ್ದರು. ಪ್ರಯಾಣದ ಚೀಲವನ್ನು ಬಿಚ್ಚಿರಲಿಲ್ಲ. ಚಳಿ ಬಿದ್ದ ಮೇಲೆ ಅದರೊಳಗಿಂದ ಸ್ವೆಟರ್ ಮಾತ್ರ ತೆಗೆದು ಹಾಕಿಕೊಂಡರು.

"ಮೇಷ್ಟ್ರೇ, ನೀವಾದ್ರೂ ಹೇಳಿ," ಎಂದರು ಒಂದು ದಿನ, ಮಾತಿನ ನಡುವೆ ಉಸಿರಿಗಾಗಿ ನಿಂತು. "ಇವರು ಬ್ಯಾಟರಿಗೆ ಕೋಟೆ ಕಟ್ತಿದಾರೆ. ಅಕ್ಕ ಫೋನ್ ಮಾಡಿದಾಗಲೆಲ್ಲ 'ಹೊರಟ್ರಾ?' ಅಂತಾಳೆ. ನನಗೆ ಸುಳ್ಳು ಹೇಳಿ ಸಾಕಾಯ್ತು."

ನಾನು ಹೇಳಿದೆ. ಗಾಡಿಯ ಅಡಿಯಿಂದ ಗಂಟೆ ಮಾವನವರ ದನಿ ಬಂತು: "ಆಯ್ತು, ಆಯ್ತು. ಬೋಲ್ಟ್ ಒಂದು ಬಾಕಿ."

ಪೆಟ್ಟಿಗೆಯ ಬೋಲ್ಟುಗಳ ತಲೆಯನ್ನು ಯಾವ ಸ್ಪ್ಯಾನರೂ ಹಿಡಿಯದಂತೆ ಅವರು ಅರದಿಂದ ಉಜ್ಜಿ ನುಣ್ಣಗೆ ಮಾಡಿದರು. ಮುಗಿದ ದಿನ ನನ್ನನ್ನು ಕರೆದು ಕೈಗೊಂದು ಹಾರೆ ಕೊಟ್ಟರು. "ಕಳ್ಳ ಆಗಿ ನೋಡೋಣ, ಮೇಷ್ಟ್ರೇ." ನಾನು ಮೈಯೆಲ್ಲ ಭಾರ ಹಾಕಿ ಮೀಟಿದೆ. ಪೆಟ್ಟಿಗೆ ಅಲುಗಲಿಲ್ಲ. ಆಕೆ ಮೆಟ್ಟಿಲ ಮೇಲಿಂದ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಕೆಮ್ಮು ಬಂತು.

ಆ ಕೆಮ್ಮು ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಇನ್ನು ಪ್ರಯಾಣದ ಮಾತೇ ಬೇಡ ಎಂದರು ವೈದ್ಯರು. ಕೊನೆಗೆ ಅಕ್ಕನೇ ಬಸ್ಸು ಹಿಡಿದು ಹೊರಟರು. ಅವರು ಬಂದು ಇಳಿಯುವ ಮೊದಲೇ ತಂಗಿ ಕಣ್ಣು ಮುಚ್ಚಿದ್ದರು.

ಬಹಳ ದಿನಗಳ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಗಂಟೆ ಮಾವ ತಾವಾಗಿಯೇ ಅಂದರು: "ಹೋಗ್ತಾ ಒಂದು ರಾತ್ರಿ, ಬರ್ತಾ ಒಂದು ರಾತ್ರಿ. ಅಷ್ಟಕ್ಕೆ ಹಗ್ಗದಲ್ಲಿ ಕಟ್ಟಿದ್ರೂ ಸಾಕಿತ್ತು ಮೇಷ್ಟ್ರೇ. ನಾನೇ ಪಕ್ಕದಲ್ಲಿ ಎದ್ದು ಕೂತಿರಬಹುದಿತ್ತು."

ಈಗ ಅವರು ಮನೆಯ ಮುಂದಿನ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಮಾಡಿಕೊಡುತ್ತಾರೆ. ಮೊನ್ನೆ ದಂಪತಿಗಳಿಬ್ಬರು ಇಂಥದೇ ಟ್ರೈಲರ್ ತಂದರು. ಅದರ ಬ್ಯಾಟರಿಯೂ ಕಳುವಾಗಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ ಒರಗಿಕೊಂಡಿದ್ದರು. ಗಂಟೆ ಮಾವ ಒಮ್ಮೆ ಆಕೆಯ ಕಡೆ ನೋಡಿ, ಕತ್ತರಿಸಿದ ವೈರಿಗೆ ತುಂಡು ಜೋಡಿಸಿ, ಫ್ಯೂಸ್ ಹಾಕಿ, ಹೊಸ ಬ್ಯಾಟರಿಯನ್ನು ಅಗಲವಾದ ಪಟ್ಟಿಯಿಂದ ಬಿಗಿದರು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

"ಪೆಟ್ಟಿಗೆ, ಬೀಗ ಏನೂ ಇಲ್ವಾ ಮಾವ?" ಎಂದ ಗಂಡ.

"ವಾಪಸ್ ಬಂದ್ಮೇಲೆ ಹಾಕ್ಕೊಡ್ತೀನಿ."

"ದಾರೀಲಿ ಕಳ್ಳ ಬಂದ್ರೆ?"

"ಬಂದ್ರೆ ಬ್ಯಾಟರಿ ಹೋಗುತ್ತೆ. ಅಮ್ಮನಿಗೆ ತಡವಾಗುತ್ತೆ, ಹೊರಡಪ್ಪ."

ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಆಮೇಲೆ ಗಂಟೆ ಮಾವ ತಮ್ಮ ಗಾಡಿಮನೆಗೆ ಚಾರ್ಜರಿನ ವೈರು ಸಿಕ್ಕಿಸಿದರು. ಬಳಸದೆ ಬಿಟ್ಟರೆ ಬ್ಯಾಟರಿ ಸಾಯುತ್ತದೆಯೆಂದು ವಾರಕ್ಕೊಮ್ಮೆ ಹೀಗೆ ಮಾಡುತ್ತಾರೆ. ಹೆಂಡತಿಯ ಅಕ್ಕ ಈಗಲೂ ಫೋನ್ ಮಾಡಿ ಬಾ ಎನ್ನುತ್ತಾರೆ. ಇವರು ಹೂಂ ಎನ್ನುತ್ತಾರೆ, ಹೋಗಿಲ್ಲ. ಚಾರ್ಜ್ ಆಗುವಷ್ಟು ಹೊತ್ತು ಮೆಟ್ಟಿಲಿನ ಒಂದು ಬದಿಗೆ ಸರಿದು, ಟಾರ್ಚನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ.