ಬಾಣಂತಿಯರ ಮರದಡಿ ಟೀವಿ

ಆಗ ನಮ್ಮ ಮದ್ದೂರಿನ ಕಡೆ ಟೀವಿಯನ್ನು ಕಣ್ಣಲ್ಲಿ ಕಂಡವರೇ ಇರಲಿಲ್ಲ. ರೇಡಿಯೋ ರಿಪೇರಿಯವನಾದ ನಾನೂ ಕಂಡಿರಲಿಲ್ಲ. ಆದರೂ ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬಂದಿದ್ದ ಬಿಳಿ ದೊರೆಯೊಬ್ಬ ತನ್ನ ಟೀವಿ ರಿಪೇರಿಗೆ ಹೇಳಿಕಳಿಸಿದಾಗ, 'ಅದೇನು ಮಹಾ' ಎಂದು ಸೈಕಲ್ ಹತ್ತಿದೆ.

ಅವನ ಕಾರಿನ ಹಿಂದೆ ಚಕ್ರದ ಮೇಲೊಂದು ಪುಟ್ಟ ಮನೆ. ಒಳಗಿದ್ದ ಟೀವಿಯ ಸ್ಪೀಕರ್ ಕೆಟ್ಟಿತ್ತು. ನಮ್ಮ ಕಡೆ ಇಲ್ಲದ ಟೀವಿ ಪ್ರಸಾರ ಮದ್ರಾಸಿನಲ್ಲಿತ್ತು; ಅಲ್ಲಿಗೆ ತಲುಪುವಷ್ಟರಲ್ಲಿ ಅದರ ದನಿ ಚಾವಣಿಯಲ್ಲೇ ಕೂರಿಸಿದ್ದ ಸ್ಪೀಕರುಗಳಲ್ಲಿ ಬರಬೇಕಂತೆ. ದೇವರ ಮೇಲೆ ಭಾರ ಹಾಕಿ ಎರಡು ತಂತಿ ಕೂಡಿಸಿ ಸ್ವಿಚ್ ಒತ್ತಿದೆ. ಪರದೆ ತುಂಬ ಬಿಳಿ ಚುಕ್ಕಿ, ತಲೆಯ ಮೇಲೆ ಭೋರೆಂಬ ಸದ್ದು! ದೊರೆ ನನ್ನನ್ನು ಎತ್ತಿಕೊಂಡು ಕುಣಿದೇಬಿಟ್ಟ.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಪೊರಕೆ ಹಿಡಿದು ಬಂದಳು. "ನಿಲ್ಸ್ಲಾ ಅದ! ಬಾಣಂತೀರು ಎದ್ರುಕತ್ತಾರೆ!"

"ಎಲ್ಲವ್ರಜ್ಜಿ?"

ಪೊರಕೆ ಹುಣಸೆ ಮರದತ್ತ ಏರಿತು. ಮರದ ತುಂಬ ಗೂಡು, ಗೂಡಿನ ತುಂಬ ಕೊಕ್ಕರೆ. "ವರ್ಸಾ ವರ್ಸಾ ಎರ್ಗೆಗೆ ತವ್ರಿಗೆ ಬತ್ತಾರೆ ಕಣ್ಲಾ, ನಮ್ಮೂರ ಎಣ್ಮಕ್ಳು."

ದನಿ ತಗ್ಗಿಸುವುದು ಹೇಗೆಂದು ತಿಳಿಯದೆ, ಕೂಡಿಸಿದ ತಂತಿಯನ್ನು ನಾನೇ ಕಿತ್ತೆ. ಮರದಡಿ ನಿಲ್ಲಿಸಿದ್ದ ಸೈಕಲ್ ಹಿಡಿಯುವಾಗ, ನನ್ನ ಮೊದಲ ಟೀವಿ ಕೆಲಸಕ್ಕೆ ಸಂದ ಸನ್ಮಾನ ಮೇಲಿನಿಂದ ಬೆಚ್ಚಗೆ, ಸರಿಯಾಗಿ ನೆತ್ತಿಗೇ ಬಿತ್ತು.

"ಬಯ್ಬ್ಯಾಡ ಕಣ್ಲಾ," ಎಂದಳು ಅಜ್ಜಿ, "ಎಳೇ ಮೊಗ."