ಬೈಗುಳ ಮುಗಿಯುವ ತನಕ

ನೆನೆದ ಇದ್ದಿಲಿಗೆ ಒಂದು ವಾಸನೆ ಇದೆ. ಹೊಗೆಯದಲ್ಲ, ಮಣ್ಣಿನದೂ ಅಲ್ಲ. ಆರಿದ ಒಲೆಯ ವಾಸನೆಗೆ ದನದ ಮೈಬಿಸಿ ಸೇರಿದರೆ ಹೇಗಿರುತ್ತದೋ ಹಾಗೆ. ಈ ಮಳೆಗಾಲದಲ್ಲಿ ಕನ್ನಡ ತಾಲ್ಲೂಕಿನ ಒಂದು ಕೊಟ್ಟಿಗೆಯ ಬಾಗಿಲಲ್ಲಿ ಅದು ನನ್ನ ಮೂಗಿಗೆ ಹೊಡೆಯಿತು. ಹೌದು, ಊರಿನ ಹೆಸರೇ ಕನ್ನಡ. ಸಂಭಾಜಿನಗರದಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಕನ್ನಡದಲ್ಲಿ ಮಾತಾಡುವವರು ನನಗೆ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ನನ್ನ ಕಾಲೇಜಿನ ಸಹೋದ್ಯೋಗಿಯೊಬ್ಬರು ತಮ್ಮ ಹೊಸ ಕೊಟ್ಟಿಗೆ ತೋರಿಸಲು ಕರೆದೊಯ್ದಿದ್ದರು.

ಆಕಳುಗಳ ಕಾಲಡಿ ಕಪ್ಪು ಹಾಸು. ಗೋಧಿ ಹುಲ್ಲು, ಮೆಕ್ಕೆಜೋಳದ ದಿಂಡು ಸುಟ್ಟು ಮಾಡಿದ ಇದ್ದಿಲಿನ ಪುಡಿ, ಅದಕ್ಕೆ ಬೆರೆಸಿದ ಒಣಹುಲ್ಲಿನ ಚೂರು. ಗಂಜಲ ಹೀರಿಕೊಳ್ಳುತ್ತದೆ, ನೊಣ ಬರುವುದಿಲ್ಲ, ಗೊರಸು ಒಣಗಿರುತ್ತದೆ. ಆಮೇಲೆ ಅದನ್ನೇ ಬಾಚಿ ಶುಂಠಿಯ ಮಡಿಗಳ ಮೇಲೆ ಹೊದಿಸಿದರೆ ನೆಲದ ತೇವ ಆರುವುದಿಲ್ಲ ಎಂದು ಅವರು ವಿವರಿಸುತ್ತಿದ್ದರು. ಬಯೋಚಾರ್ ಎನ್ನುತ್ತಿದ್ದರು. ನನಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಒಂದು ಮುಖ ನೆನಪಾಗುವುದಕ್ಕೆ ಮೊದಲೇ ನನಗೆ ಸಿಟ್ಟು ಬಂದಿತ್ತು.

ನಾಸಿಕ್ ರೋಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗಿಡ್ಡ ಗೋಡೆ. ಆಚೆ ಇದ್ದವಳನ್ನು ನಾವು ಕಾಕಿ ಎನ್ನುತ್ತಿದ್ದೆವು. ರಕ್ತಸಂಬಂಧವಿರಲಿಲ್ಲ, ಅವರೂ ಬೀದರ್ ಜಿಲ್ಲೆಯವರು, ನಾವೂ ಬೀದರ್ ಜಿಲ್ಲೆಯವರು, ಅಷ್ಟು ಸಾಕಾಗಿತ್ತು. ಕಾಕನಿಗೆ ನೋಟು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸ. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತರೆ ಮುಗಿಯಿತು. ಆ ಮನುಷ್ಯ ಇದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಾಕಿ ಇರುವುದು ಮಾತ್ರ ಇಡೀ ಓಣಿಗೆ ತಿಳಿಯುತ್ತಿತ್ತು. ಜಗಳಗಂಟಿ. ಹಾಲು ಅಳೆಯುವಾಗ ನೊರೆಯನ್ನೂ ಹಾಲಿನಲ್ಲೇ ಲೆಕ್ಕ ಹಿಡಿಯುತ್ತಿದ್ದಳು. ದೇವಳಾಲಿ ಕ್ಯಾಂಪಿನ ಸೈನಿಕರ ಹೆಂಡಂದಿರು ಹಾಲಿಗೆಂದು ಅಲ್ಲಿಯ ತನಕ ಬಂದು, ಬೈಸಿಕೊಂಡು, ಮರುದಿನ ಮತ್ತೆ ಬರುತ್ತಿದ್ದರು.

ಮನೆಯ ಹಿಂದಿನ ಜಾಗದಲ್ಲಿ ತಗಡಿನ ಕೊಟ್ಟಿಗೆ. ಪಕ್ಕದಲ್ಲಿ ಒಂದು ಗುಂಡಿ. ದ್ರಾಕ್ಷಿ ತೋಟದವರು ಬಳ್ಳಿ ಕತ್ತರಿಸಿದಾಗ ಬಿದ್ದ ಕಡ್ಡಿಗಳನ್ನೂ ಗೋಧಿ ಕೊಯ್ದ ಮೇಲಿನ ಹುಲ್ಲನ್ನೂ ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋಗುತ್ತಿದ್ದರು. ದನ ತಿನ್ನುವಂಥದ್ದನ್ನು ಕಾಕಿ ಎಂದೂ ಸುಡಲಿಲ್ಲ. ಮಳೆಗೆ ಸಿಕ್ಕಿ ಕೊಳೆತದ್ದು, ಬೂಷ್ಟು ಹಿಡಿದದ್ದು, ಕಡ್ಡಿ... ಅವು ಗುಂಡಿಗೆ. ಮೇಲಿನಿಂದ ಬೆಂಕಿ ಹಚ್ಚಿ, ಕೆಂಡದ ಅಂಚು ಬೆಳ್ಳಗಾಗತೊಡಗುತ್ತಲೇ ಮತ್ತೊಂದು ಪದರ ಹಾಕಿ, ಕೊನೆಗೆ ಕೊಡಗಟ್ಟಲೆ ನೀರು ಸುರಿದು ಆರಿಸುತ್ತಿದ್ದಳು. ಬೂದಿಯಾಗಲು ಬಿಡಬಾರದು.

“ಬೂದಿ ಆದ್ರ ಹಣಿಗೆ, ಕರಿ ಉಳದ್ರ ದನದ ಕಾಲಿಗೆ,” ಎನ್ನುತ್ತಿದ್ದಳು. “ನಿಮ್ಮ ಕಾಕಾಗ ಹಣಿಗೆ ಸಾಕಾಗುವಷ್ಟು ಅದ ಬಿಡ್ರಿ.”

ಕೊಟ್ಟಿಗೆಯಿಂದ ಹೊರಬಿದ್ದ ಕಪ್ಪು ಹಾಸನ್ನು ಅದೇ ತೋಟದವರು ಬಂದು ಒಯ್ದು ದ್ರಾಕ್ಷಿ ಬಳ್ಳಿಗಳ ಬುಡಕ್ಕೆ ಹೊದಿಸುತ್ತಿದ್ದರು. ಹುಲ್ಲು ಹೀಗೆ ಹೋಗಿ ಬರುತ್ತಿತ್ತು. ಯಾರೂ ಇದಕ್ಕೊಂದು ಹೆಸರಿಟ್ಟಿರಲಿಲ್ಲ.

ಆದರೆ ನಾನು ಬರೆಯಲು ಕುಳಿತದ್ದು ಹುಲ್ಲಿನ ವಿಷಯವಲ್ಲ. ಕಾಕಿಯ ಕೈಯ ವಿಷಯ.

ನೀರು ಹಾಕಿದರೂ ಇದ್ದಿಲಿನ ಗುಡ್ಡೆಯ ಹೊಟ್ಟೆಯಲ್ಲಿ ಒಂದು ಕೆಂಡ ಬದುಕಿರಬಹುದು. ಒಣಹುಲ್ಲಿನ ಜೊತೆ ಬೆರೆಸಿ ಹಾಸಿದ ಮೇಲೆ ಅದು ಎದ್ದರೆ ಕೊಟ್ಟಿಗೆಯೇ ಹೋಗುತ್ತದೆ. ಹಾಗಾಗಿ ಹಾಸುವ ಮೊದಲು ಕಾಕಿ ಗುಡ್ಡೆಯೊಳಗೆ ಮೊಣಕೈ ತನಕ ಕೈ ಹೊಗಿಸಿ ಕೂರುತ್ತಿದ್ದಳು. ಕೂತು ಯಾರಿಗಾದರೂ ಬೈಯುತ್ತಿದ್ದಳು. ಹಾಲಿಗೆ ಬಂದವರಿಗೆ, ಕಾಕನಿಗೆ, ಎಮ್ಮೆಗೆ, ಯಾರೂ ಸಿಗದಿದ್ದರೆ ಮೇಲೆ ಹೋಗುವ ವಿಮಾನಕ್ಕೆ. ಬೈಗುಳ ಪೂರ್ತಿ ಮುಗಿಯುವ ತನಕ ಕೈ ಒಳಗೇ ಇರಬೇಕು. ಅದು ಅವಳ ಅಳತೆ.

“ಮ್ಯಾಲ ಮ್ಯಾಲ ಮುಟ್ಟಿದ್ರ ಇದ್ಲಿ ಸುಳ್ಳ ಹೇಳ್ತದ ತಮ್ಮಾ. ಒಳಗ ಕೈ ಹಾಕಿ ತಡೀಬೇಕು. ಆಮ್ಯಾಲ ಖರೇ ಬಾಯಿ ಬಿಡ್ತದ.”

ನಾನಾಗ ಔರಂಗಾಬಾದಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ಈಗಿನ ಸಂಭಾಜಿನಗರಕ್ಕೆ ಆಗ ಅದೇ ಹೆಸರು. ರಜೆಗೆ ಬಂದಾಗ ಗಿಡ್ಡ ಗೋಡೆಯ ಈಚೆ ಪುಸ್ತಕ ಹಿಡಿದು ಕೂರುವುದು ನನ್ನ ಅಭ್ಯಾಸ. ಒಂದು ಬೇಸಿಗೆಯಲ್ಲಿ ಕಾಕಿಯ ಕೊಟ್ಟಿಗೆಗೆ ಬೆಂಕಿ ಬಿದ್ದ ದಿನ ಮಧ್ಯಾಹ್ನವೂ ಕೂತಿದ್ದೆ. ಆ ದಿನ ಕಾಕಿ ಬೈದದ್ದು ನನಗೆ. ಅದು ಹೀಗಿತ್ತು:

“ಏ ಮಾಸ್ತರ! ನಿಮ್ಮವ್ವ ಆ ಕಡಿ ನೀರಿನ ಕೊಡ ಹೊತ್ತು ಸೊಂಟ ಮುರ್ಕೊಳ್ಳಲತ್ತಾಳ, ನೀ ಇಲ್ಲಿ ಸುಲ್ತಾನರ ಹೆಂಡ್ರನ್ನ ಎಣಿಸ್ಕೋತ ಕುಂತೀದಿ! ಸತ್ತವರ ಹೆಂಡ್ರನ್ನ ಎಣಿಸಾಂವಗ ಜೀವಂತ ಹೆಣ್ಣ ಯಾರ ಕೊಡ್ತಾರೋ? ಕೊಟ್ರೂ ಆಕಿ ನಿನ್ನ ಬುಕ್ಕಿನಾಗ ಹಾಳಿ ಆಗಿ ಕುಂದ್ರಬೇಕು!”

ಇನ್ನೂ ಉದ್ದವಿತ್ತು... ಕೊನೆಯ ಭಾಗ ನನಗೆ ನೆನಪಿಗೆ ಹತ್ತುವುದಿಲ್ಲ.

ಇದ್ದಿಲು ಹಾಸಿ ಮುಗಿದ ಮೇಲೆ, ಸಂಜೆ ಗಾಳಿ ಎದ್ದಿತು. ಮೊದಲು ತಗಡು ಸದ್ದು ಮಾಡಿತು, ಆಮೇಲೆ ಆಕಳು ಕೂಗಿತು. ನಾವು ಓಡುವಷ್ಟರಲ್ಲಿ ಒಳಗೆಲ್ಲ ಉರಿ. ಕಾಕಿ ಎಮ್ಮೆಯನ್ನೂ ಒಂದು ಆಕಳನ್ನೂ ಹಗ್ಗ ಕೊಯ್ದು ಹೊರಗೆ ದೂಡಿದಳು. ಕಡೆಯಲ್ಲಿ ಕಟ್ಟಿದ್ದ ಗಬ್ಬದ ಆಕಳು ಉಳಿಯಲಿಲ್ಲ. ಓಣಿಯವರೆಲ್ಲ ನೀರು ಹೊತ್ತರು, ಮಣ್ಣು ಎರಚಿದರು, ಉರಿಯುವ ಹುಲ್ಲನ್ನು ಎಳೆದು ಹಾಕಿದರು. ಎಲ್ಲರ ಕೈಯೂ ಕಪ್ಪಾಗಿತ್ತು.

ಎಲ್ಲರದೂ ಅಲ್ಲ. ಮುಂದಿನ ಮನೆಯಲ್ಲಿದ್ದ ಕಾಕಿಯ ಭಾವ, ಎಂದರೆ ಕಾಕನ ಅಣ್ಣನವರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ನಿಂತರು. ಆ ಹಿಂದಿನ ಜಾಗದಲ್ಲಿ ಬಾಡಿಗೆ ರೂಮು ಕಟ್ಟಬೇಕೆಂದು ಅವರು ಹೇಳುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ಕಾಕಿ ಒಪ್ಪಿರಲಿಲ್ಲ. ಸತ್ತ ಆಕಳಿನ ಕಡೆ ನೋಡಿ ಅವರು ಮೊದಲು ಆಡಿದ ಮಾತು ಇದು:

“ಕೈಯಾರ ಸುಟ್ಟಳು. ಬಿಸಿ ಇದ್ಲಿನ ಹಾಸ್ಯಾಳ.”

ಬೆಂಕಿ ಆರಿದ ಮೇಲೆ ಭಾವನವರ ಪಡಸಾಲೆಯಲ್ಲಿ ಓಣಿಯ ಕನ್ನಡ ಮಾತಾಡುವ ಮನೆಗಳ ಹಿರಿಯರು ಸೇರಿದರು. ಚಹಾ ಬಂತು. ಕರ್ನಾಟಕದಿಂದ ವರ್ಗವಾಗಿ ಬಂದಿದ್ದ ಒಬ್ಬ ಬ್ಯಾಂಕಿನವರು, ಆ ಕೊಟ್ಟಿಗೆಯ ಒಳಗೆ ಒಮ್ಮೆಯೂ ಕಾಲಿಡದವರು, “ಹೆಂಗಸರು ಬೆಂಕಿಯ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಇರಬೇಕಾಗಿತ್ತು ನೋಡಿ,” ಎಂದರು. ದಿನಕ್ಕೆ ಎರಡು ಹೊತ್ತು ಆ ಹೆಂಗಸರೇ ಒಲೆ ಹಚ್ಚಿ ಇವರಿಗೆ ಬಡಿಸುತ್ತಾರೆ. ಕಾಕಿ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಕೂರು ಎಂದೂ ಯಾರೂ ಹೇಳಲಿಲ್ಲ.

“ಕೈ ಹಾಕಿ ನೋಡೀನ್ರಿ,” ಎಂದಳು. “ತಣ್ಣಗಿತ್ತು.”

“ನೋಡಿದ್ರ ಹ್ಯಾಂಗ ಹತ್ತಿತು?” ಎಂದರು ಭಾವನವರು.

ನಾನು ಎದ್ದು ಹೇಳಿದೆ: ಕಾಕಿ ನನಗೆ ಪೂರ್ತಿ ಬೈದಿದ್ದಾರೆ, ನಾನು ಕೇಳಿದ್ದೇನೆ, ಬೈಯುವಾಗ ಕೈ ಗುಡ್ಡೆಯಲ್ಲೇ ಇರುತ್ತದೆ ಎಂಬುದು ಇಡೀ ಓಣಿಗೆ ಗೊತ್ತು.

“ಕೈ ಕಂಡಿಯೇನು?”

“ಗ್ವಾಡಿ ಅಡ್ಡ ಇತ್ತು. ಧ್ವನಿ ಕೇಳೀನ್ರಿ.”

“ಅಂದ್ರ ಬೈಗುಳಾನ ಸಾಕ್ಷಿ ಏನಪಾ? ಯೂನಿವರ್ಸಿಟ್ಯಾಗ ಇದನ್ನ ಕಲಿಸ್ಯಾರ?”

ಎಲ್ಲರೂ ನಕ್ಕರು. ಆ ನಗು ಮುಗಿದಾಗ ತೀರ್ಪೂ ಮುಗಿದಿತ್ತು. ಕೊಟ್ಟಿಗೆಯ ಬಲ್ಬಿಗೆ ಭಾವನವರೇ ತಮ್ಮ ಮನೆಯಿಂದ ಎಳೆದಿದ್ದ ತಂತಿ ಒಳಗಿನ ಒಣಹುಲ್ಲಿನ ಬಣವೆಯ ಮೇಲಿಂದಲೇ ಹಾದು ಹೋಗಿತ್ತು. ತುಂಡಾದ ಕಡೆ ಪ್ಲಾಸ್ಟಿಕ್ ಚೀಲ ಹರಿದು ಸುತ್ತಿದ್ದರು. ಅದನ್ನೂ ಹೇಳಿದೆ. ನಮ್ಮಪ್ಪ ನನ್ನ ತೋಳು ಹಿಡಿದು ಕೂರಿಸಿದರು. ತಂತಿಯಿಂದಲೇ ಹತ್ತಿತು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಯಾರೂ ಹೋಗಿ ನೋಡಲಿಲ್ಲ ಎಂದಷ್ಟೇ ಹೇಳುತ್ತೇನೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಮಕ್ಕಳಿಗೆ ಬುದ್ಧಿ ಹೇಳುವ ಜನ ಆ ದಿನ ಕಾಣದೆಯೇ ಎಲ್ಲ ಕಂಡವರಂತೆ ಚಹಾ ಕುಡಿದು ಎದ್ದರು. ಕಾಕ ಬಾಯಿ ತೆರೆಯಲಿಲ್ಲ. ಉಳಿದ ದನಗಳನ್ನು ಮಾರಿದರು. ಗುಂಡಿಗೆ ಮಣ್ಣು ಬಿತ್ತು. ದೀಪಾವಳಿಗೆ ನಾನು ಬರುವಷ್ಟರಲ್ಲಿ ರೂಮುಗಳ ಗೋಡೆ ಎದ್ದಿತ್ತು.

ಕಾಕಿ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳ ಉಗುರುಗಳು ಬೆಳ್ಳಗಿದ್ದವು. ನಾನು ಅವನ್ನು ಹಾಗೆ ಕಂಡಿರಲೇ ಇಲ್ಲ. ನನ್ನನ್ನು ನೋಡಿಯೂ ಬೈಯಲಿಲ್ಲ. ಓಣಿಯಲ್ಲಿ ಯಾರಿಗೂ ಬೈಯುತ್ತಿಲ್ಲ ಎಂದು ಅವ್ವ ಹೇಳಿದ್ದಳು, ನಾನು ನಂಬಿರಲಿಲ್ಲ.

ಅಕ್ಕಿಯಿಂದ ಕಣ್ಣೆತ್ತದೆ ಮೆಲ್ಲಗೆ ಕೇಳಿದಳು: “ತಮ್ಮಾ, ಆ ದಿವ್ಸ ನಾ ಬೈದಿದ್ದೆ ಏನು?”

“ಬೈದಿದ್ರಿ ಕಾಕಿ.”

“ಖರೇ? ನಂಗ ಈಗ ನೆನಪ ಆಗವಲ್ದು ನೋಡು. ಕೈ ಹಾಕೀನೋ ಇಲ್ಲೋ... ಎಲ್ಲಾರೂ ಅಂದು ಅಂದು, ಹಾಕಿಲ್ಲ ಅಂತನ ಅನಸ್ಲತ್ತದ. ಆಕಳ ಕನಸಿನಾಗ ಬರ್ತದ, ಯಾಕ ಹಾಕಲಿಲ್ಲವ್ವಾ ಅಂತದ.”

ನನ್ನ ಸಿಟ್ಟು ಇರುವುದು ಇಲ್ಲಿ. ಜಾಗ ಕಿತ್ತುಕೊಂಡರು, ಇರಲಿ. ರೂಮು ಕಟ್ಟಿದರು, ಇರಲಿ. ಒಬ್ಬ ಹೆಂಗಸಿಗೆ ಅವಳದೇ ಕೈಯ ಮೇಲೆ ನಂಬಿಕೆ ಹೋಗುವ ಹಾಗೆ ಮಾಡಿದರಲ್ಲ, ಅದಕ್ಕೆ.

“ಏನಂತ ಬೈದಿದ್ದೆ?” ಎಂದಳು.

ನಾನು ಹೇಳಿದೆ. ಸುಲ್ತಾನರ ಹೆಂಡಿರಿಂದ ಹಿಡಿದು ಪುಸ್ತಕದ ಹಾಳೆಯ ತನಕ, ಅವಳದೇ ರಾಗದಲ್ಲಿ, ಕೈ ಬೀಸಿ ಹೇಳಿದೆ. ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೊರದಲ್ಲಿದ್ದ ಅಕ್ಕಿ ಚೆಲ್ಲಿತು. “ಇಷ್ಟ ಉದ್ದ ಬೈದಿದ್ನ? ಹಂಗಿದ್ರ ತಣ್ಣಗ ಇದ್ದಿರಬೇಕು ಬಿಡು,” ಎಂದಳು. ಅದಾದ ಮೇಲೆ ನಾನು ರಜೆಗೆ ಬಂದಾಗಲೆಲ್ಲ ಅದನ್ನು ಹೇಳಿಸುತ್ತಿದ್ದಳು. ನಾನು ಪ್ರತಿ ಸಲ ಹೇಳಿದೆ.

ಈಗ ನನ್ನ ತೊಂದರೆ. ಕನ್ನಡದಿಂದ ಹಿಂತಿರುಗುವ ಬಸ್ಸಿನಲ್ಲಿ ಕೂತು ಅಕ್ಕನಿಗೆ ಫೋನು ಮಾಡಿ, ಬೆಂಕಿ ಬಿದ್ದ ದಿನ ಕಾಕಿ ನನಗೆ ಬೈದದ್ದು ನೆನಪಿದೆಯೇ ಎಂದು ಕೇಳಿದೆ. ಅವಳು ಇನ್ನೂ ನಾಸಿಕ್ ರೋಡಿನಲ್ಲೇ ಇದ್ದಾಳೆ.

“ಸುಲ್ತಾನರ ಹೆಂಡ್ರದಾ?” ಎಂದಳು ಅಕ್ಕ. “ಅದು ಸಂಕ್ರಾಂತಿದೋ ಮಾರಾಯಾ. ನಾ ಒಳಗ ಎಳ್ಳು ಹುರೀತಿದ್ದೆ, ನಕ್ಕೋತ ನಿಂತು ಸೀಸೀನಿ, ಅವ್ವ ನಂಗೂ ಬೈದಾಳ. ಬೆಂಕಿ ಬಿದ್ದದ್ದು ಬ್ಯಾಸಗ್ಯಾಗ.”

“ಆ ದಿವ್ಸಾನೂ ಬೈದಿದ್ದಳಲ್ಲ?”

“ಆ ದಿವ್ಸ ನಾ ಮನ್ಯಾಗ ಇದ್ದಿಲ್ಲ. ದಿನಾ ಬೈತಿದ್ದಳು, ಅವತ್ತೂ ಬೈದಿರಬೇಕು. ನಿನ್ನ ನೆನಪು ಅಂದ್ರ ಸಂಡಿಗಿ ಹಿಟ್ಟು, ಹ್ಯಾಂಗ ಒತ್ತತಿ ಹಂಗ ಬೀಳ್ತದ.” ಫೋನು ಇಡುವ ಮೊದಲು, “ವೈರ್ ಮಾತ್ರ ಇತ್ತು ನೋಡು. ಅದು ನಂಗೂ ನೆನಪದ,” ಎಂದಳು.

ಎಳ್ಳು ಸೀದ ವಾಸನೆಯ ಜೊತೆ ಅಂಟಿಕೊಂಡ ನೆನಪು ಅಕ್ಕನದು. ನನ್ನದಕ್ಕಿಂತ ಗಟ್ಟಿ. ನನ್ನ ವಿದ್ಯಾರ್ಥಿ ನನ್ನಂಥ ಸಾಕ್ಷ್ಯ ತಂದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಬೆಂಕಿ ಬಿದ್ದ ದಿನ ನಾನು ಕೇಳಿದ್ದು ಕಾಕಿಯ ಧ್ವನಿಯೋ, ಅಥವಾ ಸಂಕ್ರಾಂತಿಯ ಬೈಗುಳ ಬೇಸಿಗೆಗೆ ಬಂದು ಕೂತಿತೋ? ಆಮೇಲೆ ಪ್ರತಿ ರಜೆಯಲ್ಲಿ ಹೇಳಿ ಹೇಳಿ ನನ್ನ ಮಾತೇ ನನ್ನ ನೆನಪಾಯಿತೋ? ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ. ಕಾಕಿ ತೀರಿಕೊಂಡು ವರ್ಷಗಳಾದವು, ಅವಳ ಭಾವನವರೂ ಹೋದರು, ಗಿಡ್ಡ ಗೋಡೆಯೂ ಇಲ್ಲ. ಕೇಳುವುದಕ್ಕೆ ಯಾರೂ ಉಳಿದಿಲ್ಲ.

ಆದರೆ ಒಂದು ಮಾತು. ಭಾವನವರು ಒಂದು ಕ್ಷಣವಾದರೂ ಹೀಗೆ ತಡವರಿಸಿದರೇ? ಆ ಬ್ಯಾಂಕಿನವರು? ಅವರಾರಿಗೂ ಸಂಶಯ ಬರಲಿಲ್ಲ. ಸಂಶಯಪಡುವ ಕೆಲಸವನ್ನು ಕಾಕಿಗೂ ನನಗೂ ಬಿಟ್ಟು ಅವರು ರೂಮು ಕಟ್ಟಿದರು.

ಮೊನ್ನೆ ಮತ್ತೆ ಕನ್ನಡಕ್ಕೆ ಹೋದೆ. ಸಹೋದ್ಯೋಗಿ ಹೊಸದಾಗಿ ಸುಟ್ಟ ಇದ್ದಿಲನ್ನು ಕೊಟ್ಟಿಗೆಯ ಹೊರಗೆ ಗುಡ್ಡೆ ಹಾಕಿಸಿದ್ದರು. ಕೆಲಸದವನು ಹುಲ್ಲಿನ ಚೂರು ಬೆರೆಸಲು ಬುಟ್ಟಿ ಹಿಡಿದು ನಿಂತಿದ್ದ. ಸ್ವಲ್ಪ ತಡಿ ಎಂದು ಹೇಳಿ ನಾನು ಅಂಗಿಯ ತೋಳು ಮಡಚಿ, ಕುಕ್ಕರಗಾಲಲ್ಲಿ ಕೂತು, ಮೊಣಕೈ ತನಕ ಕೈ ಹೊಗಿಸಿದೆ.

ಯಾರಿಗೆ ಬೈಯುವುದು ಎಂದು ಯೋಚಿಸಬೇಕಾಗಲಿಲ್ಲ. ಇಸ್ತ್ರಿ ಅಂಗಿಯಿಂದ ಶುರುಮಾಡಿದೆ. ಆ ಚಹಾ, ಆ ನಗು, ನೋಡದೆ ಬಿಟ್ಟ ತಂತಿ, ಬಾಯಿ ತೆರೆಯದ ಕಾಕ, ನನ್ನ ತೋಳು ಹಿಡಿದು ಕೂರಿಸಿದ ಅಪ್ಪ... ಎಷ್ಟೋ ವರ್ಷಗಳಿಂದ ಆಡದ ಬೀದರಿನ ಮಾತು ಒಂದೊಂದಾಗಿ ನಾಲಿಗೆಗೆ ಬಂತು. ಕೆಲಸದವನು ಬುಟ್ಟಿ ಕೆಳಗಿಟ್ಟ. ಸಹೋದ್ಯೋಗಿ ಗಾಬರಿಯಿಂದ ಹತ್ತಿರ ಬಂದು, “ಕಾಯ್ ಝಾಲಂ ಸರ್?” ಎಂದರು. ಏನಾಯಿತು ಎಂದು. ಒಂದಕ್ಷರವೂ ಅವರಿಗೆ ತಿಳಿದಿರಲಿಲ್ಲ.

ಗುಡ್ಡೆ ಒಳತನಕ ತಣ್ಣಗೇ ಇತ್ತು. ನನ್ನ ಬೈಗುಳ ಇನ್ನೂ ಮುಗಿದಿರಲಿಲ್ಲ. ನಾನು ಕೈ ತೆಗೆಯಲಿಲ್ಲ.